ಆರ್‌ಸಿ ಟ್ರಕ್ ಪಲ್ಟಿ ಹೊಡೆಯದ ಹಾಗೆ ಕೂರಿಸೋದು

ಆರ್‌ಸಿ ಟ್ರಕ್ಕು ಅಂದ್ರೆ ರಿಮೋಟಲ್ಲಿ ಓಡಿಸೋ ಪುಟ್ಟ ಟ್ರಕ್ಕು. ಅದರಲ್ಲಿ ಟರ್ನಿಂಗಲ್ಲಿ ಪಲ್ಟಿ ಹೊಡೆಯೋ ಟ್ರಕ್ಕಿಗೂ, ಹಿಂದಿನ ಚಕ್ರ ಜಾರಿ ಗಿರಗಿರ ತಿರುಗೋ ಟ್ರಕ್ಕಿಗೂ ಮದ್ದು ಬೇರೆ ಬೇರೆ. ಒಂದರ ಮದ್ದು ಇನ್ನೊಂದಕ್ಕೆ ಹಾಕಿದರೆ ಕಾಯಿಲೆ ಜಾಸ್ತಿಯಾಗುತ್ತೆ. ನಮ್ಮ ಭಾನುವಾರದ ಗುಂಪಿಗೆ ಹೊಸದಾಗಿ ಬರೋ ಹುಡುಗರು ಕೇಳೋದು ಮಾತ್ರ ಒಂದೇ: "ಅಣ್ಣಾ, ಗಾಡಿ ಸ್ಟೇಬಲ್ ಇಲ್ಲ, ಶಾಕ್ ಸ್ವಲ್ಪ ಟೈಟ್ ಮಾಡಿಕೊಡಿ." ಶಾಕಿಗೆ, ಅಂದ್ರೆ ಚಕ್ರದ ಕುಲುಕು ತಡೆಯೋ ಶಾಕ್ ಅಬ್ಸಾರ್ಬರಿಗೆ, ಕೈ ಹಾಕೋ ಮುಂಚೆ ನಾನು ಕೇಳೋ ಪ್ರಶ್ನೆ ಮೂರು. ಎಲ್ಲಿ ಓಡಿಸಿದೆ, ಕೆಮ್ಮಣ್ಣಲ್ಲೋ ಸಿಮೆಂಟ್ ಕೋರ್ಟಲ್ಲೋ? ಬೀಳೋದು ತಿರುವಿನ ಒಳಗೆ ಹೋಗುವಾಗಲೋ, ಥ್ರಾಟಲ್ ಕೊಟ್ಟು ಹೊರಗೆ ಬರುವಾಗಲೋ? ಎಡಕ್ಕೂ ಬಲಕ್ಕೂ ಒಂದೇ ಥರ ಬೀಳುತ್ತಾ? ಈ ಮೂರಕ್ಕೆ ಸರಿಯಾದ ಉತ್ತರ ಸಿಕ್ಕಿದರೆ ಅರ್ಧ ಕೆಲಸ ಮುಗೀತು.

ನಾನು ಪೀಣ್ಯದಲ್ಲಿ ಟೂಲ್ ರೂಮ್ ಕೆಲಸದವನು. ಹಾಗಾಗಿ ಅಂದಾಜಿಗಿಂತ ಅಳತೆ ಮೇಲೆ ನಂಬಿಕೆ ಜಾಸ್ತಿ. ನನ್ನ ಗಾಡಿ ಟ್ರ್ಯಾಕ್ಸಾಸ್ ಸ್ಲ್ಯಾಶ್, ಟೂ ವೀಲ್ ಡ್ರೈವ್ (ಮೋಟಾರು ತಿರುಗಿಸೋದು ಹಿಂದಿನ ಎರಡು ಚಕ್ರ ಮಾತ್ರ), 1/10 ಸ್ಕೇಲು, ಅಂದ್ರೆ ನಿಜವಾದ ಟ್ರಕ್ಕಿನ ಹತ್ತನೇ ಒಂದು ಅಳತೆ. 2008ರಲ್ಲಿ ಬಂದ ಡಿಸೈನು, ಅಮೆರಿಕದ ಮಣ್ಣಿನ ಟ್ರ್ಯಾಕಲ್ಲಿ ಓಡೋ ಶಾರ್ಟ್ ಕೋರ್ಸ್ ಟ್ರಕ್ಕುಗಳ ಪಡಿಯಚ್ಚು. ವೀಲ್‌ಬೇಸ್ (ಮುಂದಿನ ಹಿಂದಿನ ಚಕ್ರದ ನಡುವಿನ ದೂರ) 335 ಮಿ.ಮೀ., ಚಕ್ರದ ಹೊರಗಿಂದ ಹೊರಗೆ ಅಗಲ 296 ಮಿ.ಮೀ. ನಿಮ್ಮದು ಬೇರೆ ಕಂಪನಿ ಗಾಡಿ ಆಗಿದ್ದರೂ ಕೆಳಗಿನದು ಬಹುಪಾಲು ಹಾಗೇ ಹೊಂದುತ್ತೆ, ನಟ್ಟು ಬೋಲ್ಟಿನ ಜಾಗ ಬದಲಾಗಬಹುದು ಅಷ್ಟೆ.

ಮೊದಲು ಹಲಗೆ ಪರೀಕ್ಷೆ

ಪಾರ್ಟ್ಸ್ ಕೊಳ್ಳೋಕೆ ಮುಂಚೆ ನಿಮ್ಮ ಗಾಡಿ ಎಷ್ಟು ಓರೆಯಾದರೆ ಉರುಳುತ್ತೆ ಅನ್ನೋದನ್ನ ಮನೇಲೇ ಅಳೆಯಿರಿ. ಎರಡಡಿ ಉದ್ದದ ಒಂದು ಪ್ಲೈವುಡ್ ತುಂಡು ಸಾಕು. ಗಾಡಿಯನ್ನ ಅದರ ಮೇಲೆ ಅಡ್ಡಡ್ಡ ನಿಲ್ಲಿಸಿ. ಕೆಳಗಾಗೋ ಕಡೆಯ ಎರಡೂ ಚಕ್ರಕ್ಕೆ ತಾಗೋ ಹಾಗೆ ಸ್ಕೂಲ್ ಮಕ್ಕಳ ಪ್ಲಾಸ್ಟಿಕ್ ಸ್ಕೇಲನ್ನ ಡಬಲ್ ಟೇಪಲ್ಲಿ ಅಂಟಿಸಿ, ಜಾರದೆ ಇರಲಿ ಅಂತ. ಮೊಬೈಲಲ್ಲಿ ರಸಮಟ್ಟದ ಆ್ಯಪ್ ತೆಗೆದು ಹಲಗೆಗೆ ಒರಗಿಸಿ. ಬ್ಯಾಟರಿ, ಬಾಡಿ ಎಲ್ಲಾ ಗಾಡಿ ಮೇಲೇ ಇರಬೇಕು. ಇನ್ನೊಂದು ಕಡೆಯನ್ನ ನಿಧಾನಕ್ಕೆ ಎತ್ತುತ್ತಾ ಹೋಗಿ. ಮೇಲಿನ ಚಕ್ರಗಳು ಹಲಗೆ ಬಿಡೋ ಕ್ಷಣದ ಕೋನ ಬರೆದಿಟ್ಟುಕೊಳ್ಳಿ. ಗಾಡಿ ತಿರುಗಿಸಿ ಇನ್ನೊಂದು ಬದಿಗೂ ಇದೇ ಥರ ಮಾಡಿ.

ಈ ಕೋನದ ಹಿಂದೆ ಸಣ್ಣ ಲೆಕ್ಕ ಇದೆ. ಟೈರಿನ ನಡುವಿಂದ ನಡುವಿಗೆ ಅಗಲ ಸುಮಾರು 250 ಮಿ.ಮೀ. ಅಂತ ಹಿಡಿಯೋಣ, ಅರ್ಧ 125. ಗಾಡಿಯ ಭಾರಕೇಂದ್ರ ನೆಲದಿಂದ 90 ಮಿ.ಮೀ. ಮೇಲಿದ್ದರೆ 125 ಭಾಗಿಸು 90, ಅಂದ್ರೆ 1.39, ಕೋನ ಸುಮಾರು 54 ಡಿಗ್ರಿ. ಭಾರಕೇಂದ್ರವನ್ನ 75 ಮಿ.ಮೀ.ಗೆ ಇಳಿಸಿದರೆ 1.67, ಕೋನ 59 ಡಿಗ್ರಿ. ಆ 1.39, 1.67 ಏನು ಅಂದ್ರೆ, ಟೈರು ನೆಲವನ್ನ ಗಾಡಿಯ ತೂಕದ ಎಷ್ಟು ಪಟ್ಟು ಬಲದಲ್ಲಿ ಹಿಡಿದರೆ ಗಾಡಿ ಉರುಳುತ್ತೆ ಅನ್ನೋ ಅಂಕಿ. ಸಡಿಲ ಮಣ್ಣಲ್ಲಿ ಟೈರಿಗೆ ಅಷ್ಟು ಹಿಡಿತ ಎಲ್ಲಿಂದಲೂ ಬರಲ್ಲ, ಅದಕ್ಕೆ ಮೊದಲೇ ಜಾರುತ್ತೆ. ಒಳ್ಳೆ ಸಿಮೆಂಟು, ಡಾಂಬರಿನ ಮೇಲೆ ಮೆತ್ತನೆ ರಬ್ಬರು ಒಂದಕ್ಕಿಂತ ಜಾಸ್ತಿ ಹಿಡಿತ ಕೊಡುತ್ತೆ. ಜೊತೆಗೆ ಗಾಡಿ ವಾಲುತ್ತೆ, ಬಾಡಿ ಹೊರಕ್ಕೆ ತೂಗುತ್ತೆ, ಟೈರಿನ ಗೋಡೆ ಮಡಿಚುತ್ತೆ. ಹಾಗಾಗಿ ಓಡುವಾಗ ಉರುಳೋ ಮಿತಿ ಹಲಗೆ ಮೇಲೆ ಸಿಕ್ಕ ಅಂಕಿಗಿಂತ ಕಡಿಮೆಯೇ ಇರುತ್ತೆ. ಲೇಔಟ್ ರಸ್ತೇಲಿ ಪಲ್ಟಿ ಹೊಡೆಯೋ ಅದೇ ಗಾಡಿ ಖಾಲಿ ಸೈಟಲ್ಲಿ ಆರಾಮಾಗಿ ಓಡೋದು ಇದಕ್ಕೇ.

ಎಡ ಬಲ ಎರಡು ಬದಿಯ ಕೋನದಲ್ಲಿ ಎರಡು ಮೂರು ಡಿಗ್ರಿ ವ್ಯತ್ಯಾಸ ಬಂದರೆ ತೂಕ ಒಂದು ಕಡೆ ಇದೆ, ಇಲ್ಲವೇ ಒಂದು ಕಡೆ ಸ್ಪ್ರಿಂಗು ಕೂತಿದೆ ಅಂತ ಅರ್ಥ.

ತೂಕ ಕೆಳಗಿಳಿಸೋಕೆ ಇರೋ ದಾರಿಗಳಲ್ಲಿ ದೊಡ್ಡದು ಚಾಸಿ. ಸ್ಲ್ಯಾಶಿನ ಮಾಮೂಲಿ ಚಾಸಿ ಎತ್ತರಕ್ಕಿದೆ. ಕಲ್ಲು ಮಣ್ಣು ದಾಟಿ ಹೋಗಲಿ ಅಂತ ಹಾಗೆ ಮಾಡಿರೋದು, ಅದನ್ನ ಕುಂದು ಅನ್ನೋಕಾಗಲ್ಲ. ಬ್ಯಾಟರಿ, ಮೋಟಾರು ಎಲ್ಲಾ ಕೆಳಗೆ ಕೂರೋ ಲೋ ಸಿಜಿ (ಸಿಜಿ ಅಂದ್ರೆ ಭಾರಕೇಂದ್ರ) ಚಾಸಿಯನ್ನ ಕಂಪನಿಯೇ ಬೇರೆಯಾಗಿ ಮಾರುತ್ತೆ. ಸಿಮೆಂಟು, ಡಾಂಬರಲ್ಲೇ ಜಾಸ್ತಿ ಓಡಿಸೋರು ದುಡ್ಡು ಹಾಕೋದಾದ್ರೆ ಮೊದಲು ಇದಕ್ಕೆ ಹಾಕಿ, ಬಣ್ಣಬಣ್ಣದ ಅಲ್ಯೂಮಿನಿಯಂ ಪಾರ್ಟ್ಸಿಗಲ್ಲ. ದುಡ್ಡು ಬೇಡ ಅಂದ್ರೆ ಬಾಡಿಯನ್ನ ಪೋಸ್ಟಿನ ಒಂದು ತೂತು ಕೆಳಗೆ ಇಳಿಸಿ, ಚಕ್ರ ತಾಗದಷ್ಟು ಮಾತ್ರ. ಗಾಡಿ ಎತ್ತರವನ್ನೂ ಸ್ವಲ್ಪ ಇಳಿಸಿ. ಬಾಡಿ ಮೇಲೆ ಎಲ್‌ಇಡಿ ಲೈಟಿನ ಪಟ್ಟಿ, ಡಬ್ಬಿ, ಆಂಟೆನಾ ಬಾವುಟ ಇವೆಲ್ಲ ಅಂಟಿಸಿದ್ದರೆ ಕಿತ್ತುಹಾಕಿ. ತುದೀಲಿರೋ 50 ಗ್ರಾಂ ಮಾಡೋ ಕೆಡುಕನ್ನ ಬುಡದಲ್ಲಿ 50 ಗ್ರಾಂ ಹಾಕಿ ಸರಿಮಾಡೋಕಾಗಲ್ಲ. ಚಾಸಿಯ ತಳಕ್ಕೆ ಸೀಸದ ತುಂಡು ಅಂಟಿಸಿ ತೂಕ ಹಾಕೋರೂ ಇದಾರೆ. ಉಪಾಯ ಏನೋ ಕೆಲಸ ಮಾಡುತ್ತೆ, ಆದರೆ ಗಾಡಿ ಭಾರವಾಗಿ ಮೋಟಾರು ಬಿಸಿಯಾಗುತ್ತೆ. ನಾನು ಹಾಕಲ್ಲ.

ಪ್ಲೇ (ಸಡಿಲ ಆಟ) ತೆಗೆಯದೆ ಟ್ಯೂನಿಂಗ್ ಮಾಡೋದು ದಂಡ

ಗಾಡಿಯನ್ನ ಕೈಯಲ್ಲಿ ಹಿಡಿದು ಒಂದೊಂದೇ ಚಕ್ರ ಅಲ್ಲಾಡಿಸಿ ನೋಡಿ. ಬೇರಿಂಗಲ್ಲಿ ಲೊಡಲೊಡ ಅಂದ್ರೆ ಬದಲಾಯಿಸಿ. ಸ್ಲ್ಯಾಶಿನ ಚಕ್ರಕ್ಕೆ ಹಾಕೋದು 5x11x4 ಅಳತೆಯದು, ಬೇರಿಂಗ್ ಅಂಗಡೀಲೂ ಸಿಗುತ್ತೆ, ಹಾಬಿ ಅಂಗಡೀಲೇ ಆಗಬೇಕು ಅಂತಿಲ್ಲ. ಆಮೇಲೆ ಸ್ಟೀರಿಂಗಿನ ಕಡ್ಡಿಗಳು, ಬಾಲ್ ಜಾಯಿಂಟು, ಸರ್ವೋ ಸೇವರ್ (ಗುದ್ದಿದಾಗ ಸ್ಟೀರಿಂಗ್ ಮೋಟಾರಿಗೆ ಪೆಟ್ಟಾಗದ ಹಾಗೆ ಕಾಯೋ ಸ್ಪ್ರಿಂಗಿನ ಭಾಗ). ಮುಂದಿನ ಎರಡೂ ಚಕ್ರವನ್ನ ಹಿಡಿದು ಎಡಬಲ ತಿರುಗಿಸಿದಾಗ ಸ್ವಲ್ಪ ಪ್ಲೇ ಇದ್ದೇ ಇರುತ್ತೆ. ಆದರೆ ಚಕ್ರದ ಅಂಚಿನಲ್ಲಿ ಮೂರು ನಾಲ್ಕು ಮಿ.ಮೀ. ಆಟ ಕಂಡರೆ ನೇರ ರಸ್ತೇಲೂ ಗಾಡಿ ಹಾವಿನ ಥರ ಹೋಗುತ್ತೆ. ಅದನ್ನ ರಿಮೋಟಿನ ಟ್ರಿಮ್ ಗುಂಡಿ ತಿರುಗಿಸಿ ಸರಿಮಾಡೋಕೆ ಆಗಲ್ಲ.

ಶಾಕುಗಳನ್ನ ಬಿಚ್ಚಿ ಪಕ್ಕಕ್ಕಿಟ್ಟು ಚಕ್ರ ಹಿಡಿದಿರೋ ನಾಲ್ಕು ಆರ್ಮನ್ನೂ ಎತ್ತಿ ಬಿಡಿ. ಯಾವುದೂ ತಡೆಯಿಲ್ಲದೆ ತನ್ನ ಭಾರಕ್ಕೇ ಧೊಪ್ ಅಂತ ಕೆಳಗೆ ಬೀಳಬೇಕು. ಅರ್ಧಕ್ಕೆ ನಿಂತರೆ ಆರ್ಮು ತಿರುಗೋ ಹಿಂಜ್ ಪಿನ್ನು ಬಗ್ಗಿದೆ, ಇಲ್ಲ ಮಣ್ಣು ಹಿಡಿದಿದೆ. ಪಿನ್ನನ್ನ ಗಾಜಿನ ಮೇಲೆ ಉರುಳಿಸಿ ನೋಡಿದರೆ ಬಗ್ಗಿರೋದು ಗೊತ್ತಾಗುತ್ತೆ. ಆರ್ಮು ಬಿಗಿಯಾಗಿರೋ ಗಾಡಿಗೆ ಎಂಥಾ ದುಬಾರಿ ಶಾಕ್ ಹಾಕಿದರೂ ಉಪಯೋಗ ಇಲ್ಲ. ಇಲ್ಲಿ ಎಣ್ಣೆ ಹಾಕಬೇಡಿ, ನಮ್ಮ ಧೂಳಿಗೆ ಎಣ್ಣೆ ಸೇರಿದರೆ ಅದೇ ಗ್ರೈಂಡಿಂಗ್ ಪೇಸ್ಟು. ಬ್ರಷ್ಷಲ್ಲಿ ಉಜ್ಜಿ ಒಣಗಿದ್ದ ಹಾಗೇ ಬಿಡಿ.

ಶಾಕು

ಇಲ್ಲಿ ಸ್ವಲ್ಪ ಹೊತ್ತು ಕೂರಬೇಕು. ನಾಲ್ಕು ಶಾಕೂ ಒಂದೇ ಥರ ಕೆಲಸ ಮಾಡದ ಗಾಡಿ ಸ್ಥಿರವಾಗಿ ಓಡಲ್ಲ, ಮತ್ತೆ ನಾಲ್ಕನ್ನೂ ಒಂದೇ ಥರ ಮಾಡೋದು ತಾಳ್ಮೆಯ ಕೆಲಸ.

ಸ್ಪ್ರಿಂಗ್ ತೆಗೆದು, ಮೇಲಿನ ಮುಚ್ಚಳ ಬಿಚ್ಚಿ ಹಳೆ ಎಣ್ಣೆ ಚೆಲ್ಲಿ. ಶಾಕ್ ಕಡ್ಡಿಯನ್ನ ಪೂರ್ತಿ ಕೆಳಕ್ಕೆಳೆದು ಸಿಲಿಕಾನ್ ಎಣ್ಣೆಯನ್ನ ಬಾಯಿಮಟ್ಟ ತುಂಬಿ. ಈಗ ಕಡ್ಡಿಯನ್ನ ಬಹಳ ನಿಧಾನಕ್ಕೆ ಮೇಲೆ ಕೆಳಗೆ ಆಡಿಸಿ, ಪಿಸ್ಟನ್ ಎಣ್ಣೆ ಮೇಲಕ್ಕೆ ಬರಬಾರದು. ಪಿಸ್ಟನ್ನಿನ ತೂತಿಂದ ಗುಳ್ಳೆ ಒಂದೊಂದಾಗಿ ಎದ್ದು ಬರುತ್ತೆ, ಸಾಸಿವೆ ಕಾಳಿಗಿಂತ ಸಣ್ಣವು. ಅವಸರ ಮಾಡಿದರೆ ದೊಡ್ಡ ಗುಳ್ಳೆ ಒಡೆದು ನೂರು ಸಣ್ಣವಾಗಿ ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗುತ್ತೆ. ಹಾಗಾದರೆ ಬಿಟ್ಟು ಟೀ ಕುಡಿದು ಬನ್ನಿ. ಎಣ್ಣೆ ಮತ್ತೆ ತಿಳಿಯಾದ ಮೇಲೆ ಕಡಿಮೆಯಾಗಿರೋದನ್ನ ತುಂಬಿ, ಮುಚ್ಚಳವನ್ನ ನಿಧಾನವಾಗಿ ತಿರುಗಿಸುತ್ತಾ ಹೋಗಿ. ಮುಚ್ಚಳದಲ್ಲಿರೋ ಸಣ್ಣ ತೂತಿಂದ ಹೆಚ್ಚಿನ ಎಣ್ಣೆ ಹೊರಗೆ ಬರುತ್ತೆ, ಬರಲಿ. ಕೈಬಿಗಿ ಮಾಡಿ ಒರೆಸಿ.

ಆಮೇಲೆ ಮುಂದಿನ ಜೋಡಿಯ ಎರಡು ಶಾಕನ್ನ ಅಡ್ಡ ಹಿಡಿದು ಕಡ್ಡಿಯ ತುದಿಗೆ ತುದಿ ಒತ್ತಿ ಎರಡನ್ನೂ ಒಟ್ಟಿಗೆ ಅದುಮಿ. ಎರಡೂ ಒಂದೇ ವೇಗದಲ್ಲಿ ಒಳಗೆ ಹೋಗಬೇಕು. ಒಂದು ಬೇಗ ಸೋತರೆ ಅದರೊಳಗೆ ಗಾಳಿ ಇದೆ, ಮತ್ತೆ ಬಿಚ್ಚಿ. ಚುರುಚುರು ಸದ್ದು ಬಂದರೂ ಅದೇ ಅರ್ಥ. ಹಿಂದಿನ ಜೋಡಿಗೂ ಇದೇ ಪರೀಕ್ಷೆ.

ಎಣ್ಣೆ ಯಾವುದು? ಗಾಡಿ ಜೊತೆ ಬರೋದು 30 ವೇಟು. ಬಾಟಲಿ ಮೇಲೆ ಕೆಲವರು ವೇಟ್ ಹಾಕ್ತಾರೆ, ಕೆಲವರು ಸಿಎಸ್‌ಟಿ ಹಾಕ್ತಾರೆ, ಎರಡೂ ಎಣ್ಣೆಯ ದಪ್ಪದ ಅಳತೆ. ಟೀಮ್ ಅಸೋಸಿಯೇಟೆಡ್ ಕಂಪನಿ ಲೆಕ್ಕದಲ್ಲಿ 30 ವೇಟ್ ಅಂದ್ರೆ 350 ಸಿಎಸ್‌ಟಿ, 35 ಅಂದ್ರೆ 425, 40 ಅಂದ್ರೆ 500. ಬೇರೆ ಕಂಪನಿಯ 30 ಇದೇ ಆಗಿರುತ್ತೆ ಅಂತ ನಂಬಬೇಡಿ, ಸಿಎಸ್‌ಟಿ ನೋಡಿ ತಗೊಳ್ಳಿ. ಒಂದು ಗಾಡೀಲಿ ಎರಡು ಕಂಪನಿ ಎಣ್ಣೆ ಬೆರೆಸೋದಂತೂ ಬೇಡವೇ ಬೇಡ. ಸಿಲಿಕಾನ್ ಎಣ್ಣೆ ಬಿಸಿಗೆ ತೆಳ್ಳಗಾಗುತ್ತೆ. ಡಿಸೆಂಬರ್ ಬೆಳಗ್ಗೆ ಬೆಂಗಳೂರಲ್ಲಿ ಚೆನ್ನಾಗಿ ಕೂತಿದ್ದ ಗಾಡಿ ಏಪ್ರಿಲ್ ಮಧ್ಯಾಹ್ನ ತುಮಕೂರು ಕಡೆ ಬಯಲಲ್ಲಿ ತೇಲಾಡೋಕೆ ಶುರು ಮಾಡುತ್ತೆ. ಬೇಸಿಗೆಗೆ ಒಂದು ಮೆಟ್ಟಿಲು ದಪ್ಪ ಎಣ್ಣೆ ಹಾಕಿದರೆ ಸರಿಹೋಗುತ್ತೆ. ಬೈಕಿನ ಫೋರ್ಕ್ ಆಯಿಲ್ ಹಾಕಬಹುದಾ ಅಂತ ಕೇಳೋರಿದ್ದಾರೆ. ಹಾಕಬೇಡಿ, ಒಳಗಿನ ರಬ್ಬರ್ ರಿಂಗು ಉಬ್ಬಿ ಸೋರೋಕೆ ಶುರುವಾಗುತ್ತೆ.

ಸರಿಯಾಗಿದೆಯಾ ಅಂತ ನೋಡೋಕೆ ಬ್ಯಾಟರಿ ಹಾಕಿ ಗಾಡಿಯನ್ನ ಒಂದಡಿ ಮೇಲಿಂದ ಸಮನಾಗಿ ಬಿಡಿ. ಹೊಟ್ಟೆ ನೆಲಕ್ಕೆ ಮುಟ್ಟಿತೋ ಇಲ್ಲವೋ ಅನ್ನೋಷ್ಟು ಇಳಿದು, ಒಂದೇ ಸಲ ಮೇಲೆದ್ದು ನಿಂತುಬಿಡಬೇಕು. ಎರಡು ಮೂರು ಸಲ ಕುಣಿದರೆ ಎಣ್ಣೆ ತೆಳು. ಇಳಿಯದೆ ಚಕ್ರವೇ ನೆಲದಿಂದ ಪುಟಿದರೆ ಎಣ್ಣೆ ದಪ್ಪ, ಇಲ್ಲ ಸ್ಪ್ರಿಂಗ್ ಗಟ್ಟಿ. ನಮ್ಮ ಕಡೆ ಸೈಟಿನ ಮಣ್ಣಲ್ಲಿ ಜಲ್ಲಿ, ಇಟ್ಟಿಗೆ ಚೂರು, ಒಣಗಿದ ದನದ ಹೆಜ್ಜೆ ಗುಂಡಿ ಎಲ್ಲಾ ಇರುತ್ತೆ. ಅಲ್ಲಿ ಗಟ್ಟಿ ಶಾಕಿನ ಗಾಡಿ ಗುಂಡಿ ದಾಟುವಾಗ ಚಕ್ರ ಗಾಳೀಲೇ ಇರುತ್ತೆ, ಗಾಳೀಲಿರೋ ಚಕ್ರ ಯಾವ ದಿಕ್ಕಿಗೂ ಹಿಡಿತ ಕೊಡಲ್ಲ. ಶಾಕ್ ಟೈಟ್ ಮಾಡಿ ಅನ್ನೋ ಮಾತಿಗೆ ನಾನು ತಲೆ ಆಡಿಸದೆ ಇರೋದು ಇದಕ್ಕೇ. ಮಣ್ಣಲ್ಲಿ ಓಡೋ ಗಾಡಿಗೆ ಬಹಳ ಸಲ ಮೆತ್ತಗೆ ಮಾಡೋದೇ ಸ್ಥಿರತೆ.

ಶಾಕನ್ನ ಟವರಿನ (ಶಾಕಿನ ಮೇಲ್ತುದಿ ಕಟ್ಟೋ ಪಟ್ಟಿ) ಯಾವ ತೂತಿಗೆ ಕಟ್ಟಿದ್ದೀರಿ ಅನ್ನೋದೂ ಮುಖ್ಯ. ಮೇಲಿನ ತುದಿಯನ್ನ ಒಳಗಿನ ತೂತಿಗೆ ಸರಿಸಿ ಮಲಗಿಸಿದರೆ ಮೆತ್ತಗಾಗುತ್ತೆ, ಹೊರಗಿನ ತೂತಿಗೆ ಹಾಕಿ ನೆಟ್ಟಗೆ ನಿಲ್ಲಿಸಿದರೆ ಗಟ್ಟಿಯಾಗುತ್ತೆ. ಎಣ್ಣೆ ಬದಲಾಯಿಸೋದಕ್ಕಿಂತ ಇದು ಸುಲಭ, ಮೈದಾನದಲ್ಲೇ ಎರಡು ನಿಮಿಷದಲ್ಲಿ ಆಗುತ್ತೆ.

ಎತ್ತರಕ್ಕೆ ಬಂದರೆ, ಗಾಡಿಯನ್ನ ಅಡಿಗೆಮನೆ ಗ್ರಾನೈಟ್ ಕಟ್ಟೆ ಮೇಲಿಡಿ. ಮನೇಲಿ ಅದಕ್ಕಿಂತ ಮಟ್ಟವಾದ ಜಾಗ ಸಿಗಲ್ಲ, ಮನೆಯವರಿಂದ ಬೈಸಿಕೊಳ್ಳದೆ ಇರೋಕೆ ಕೆಳಗೆ ಪೇಪರ್ ಹಾಸಿ. ಒಂದೆರಡು ಸಲ ಒತ್ತಿ ಬಿಟ್ಟಾಗ ಹಿಂದಿನ ಡ್ರೈವ್ ಶಾಫ್ಟುಗಳು (ಮೋಟಾರಿನ ಬಲವನ್ನ ಚಕ್ರಕ್ಕೆ ಒಯ್ಯೋ ಕಡ್ಡಿಗಳು) ನೆಲಕ್ಕೆ ಸಮಾನಾಂತರ ನಿಂತರೆ ಶುರುವಿಗೆ ಅದು ಸರಿಯಾದ ಎತ್ತರ. ಮುಂದಿನ ಆರ್ಮೂ ಹಾಗೇ. ಹೆಚ್ಚು ಕಡಿಮೆ ಮಾಡೋಕೆ ಸ್ಪ್ರಿಂಗಿನ ಮೇಲಿನ ಕ್ಲಿಪ್ಪು ಸೇರಿಸಿ ಇಲ್ಲ ತೆಗೆಯಿರಿ. ಕ್ಲಿಪ್ಪು ಸೇರಿಸಿದರೆ ಗಾಡಿ ಮೇಲೇಳುತ್ತೆ ಅಷ್ಟೆ, ಸ್ಪ್ರಿಂಗ್ ಗಟ್ಟಿಯಾಗಲ್ಲ. ಗಟ್ಟಿ ಬೇಕಾದರೆ ಬೇರೆ ಸ್ಪ್ರಿಂಗೇ ಹಾಕಬೇಕು.

ಎತ್ತರ ಸರಿಯಾದ ಮೇಲೆ ಹಿಂದಿನ ಬಂಪರಿನ ನಟ್ಟನಡುವೆ ಸ್ಕ್ರೂಡ್ರೈವರ್ ತುದಿ ಕೊಟ್ಟು ಕೂದಲೆಳೆಯಷ್ಟೇ ಮೇಲೆತ್ತುತ್ತಾ ಹೋಗಿ. ಹಿಂದಿನ ಎರಡೂ ಚಕ್ರ ಒಟ್ಟಿಗೆ ಕಲ್ಲು ಬಿಡಬೇಕು. ಬಲದ್ದು ಮೊದಲು ಎದ್ದರೆ ಅದರ ಮೇಲೆ ಭಾರ ಕಡಿಮೆ ಇದೆ ಅಂತ. ಬಲಕ್ಕೆ ಒಂದು ಸಣ್ಣ ಕ್ಲಿಪ್ಪು ಸೇರಿಸಿ, ಇಲ್ಲ ಎಡದಿಂದ ಒಂದು ತೆಗೆಯಿರಿ. ಮುಂದೆಯೂ ಇದೇ ಕೆಲಸ. ಎಡಕ್ಕೆ ಚೆನ್ನಾಗಿ ತಿರುಗಿ ಬಲಕ್ಕೆ ಮಾತ್ರ ಉರುಳೋ ಗಾಡಿಗೆ ಮದ್ದು ಹೆಚ್ಚಾಗಿ ಇಲ್ಲೇ ಇರುತ್ತೆ. ಬ್ಯಾಟರಿ ಬದಲಾಯಿಸಿದಾಗ ಮತ್ತೆ ನೋಡಿ. ಹಳೆ ಏಳು ಸೆಲ್ಲಿನ ನಿಕಲ್ ಪ್ಯಾಕಿಗೂ ಈಗಿನ ಟೂ ಎಸ್ (ಎರಡು ಸೆಲ್ಲಿನ) ಲಿಥಿಯಂ ಲೈಪೋಗೂ ತೂಕದಲ್ಲಿ ತುಂಬಾ ಅಂತರ ಇದೆ.

ಸಿಮೆಂಟಲ್ಲಿ ಉರುಳೋ ಗಾಡಿಗೆ

ಹಿಡಿತ ಜಾಸ್ತಿಯಾಗಿ ಉರುಳೋದು, ಹಾಗಾಗಿ ಹಿಡಿತ ಕಡಿಮೆ ಮಾಡಬೇಕು. ಅದರಲ್ಲೂ ಮುಂದಿನ ಟೈರಿನದು. ಹಳೆ ರೇಸ್‌ನವರ ಉಪಾಯ ಒಂದಿದೆ: ಮುಂದಿನ ಟೈರಿನ ಹೊರಗೋಡೆಗೆ, ಬಟನ್ನುಗಳ (ಟೈರಿನ ಮೇಲಿನ ರಬ್ಬರ್ ಉಬ್ಬುಗಳು) ಹೊರಸಾಲಿನ ಬುಡದ ತನಕ, ತೆಳ್ಳಗೆ ಫೆವಿಕ್ವಿಕ್ ಬಳಿಯೋದು. ಒಣಗಿದ ಮೇಲೆ ಆ ಭಾಗ ಪ್ಲಾಸ್ಟಿಕ್ಕಿನ ಥರ ಗಟ್ಟಿಯಾಗಿ, ಟೈರು ಮಡಿಚಿ ನೆಲ ಕಚ್ಚೋ ಬದಲು ಜಾರುತ್ತೆ. ಗಾಡಿ ಉರುಳೋ ಜಾಗದಲ್ಲಿ ಮುಂಭಾಗ ಸ್ವಲ್ಪ ಹೊರಕ್ಕೆ ಹೋಗಿ ತಿರುಗುತ್ತೆ. ಟೈರನ್ನ ಪೆಟ್ರೋಲಲ್ಲಿ ಅಲ್ಲ, ಸೋಪು ನೀರಲ್ಲಿ ತೊಳೆದು ಒಣಗಿಸಿ ಬಳಿಯಿರಿ. ಫ್ಯಾನ್ ಹಾಕಿ ಕಿಟಕಿ ತೆಗೆದಿರಿ, ಆ ಹೊಗೆ ಕಣ್ಣಿಗೆ ಉರಿ.

ಎರಡನೇದು, ರಿಮೋಟಲ್ಲಿ ಸ್ಟೀರಿಂಗ್ ಡ್ಯುಯಲ್ ರೇಟ್ ಇದ್ದರೆ ತಿರುವಿನ ಮಿತಿ ಇಳಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ, ಆದರೂ ಯಾರೂ ಮೊದಲು ಮಾಡಲ್ಲ. ಮೂರನೇದು ಮುಂದೆ ಒಂದು ಮೆಟ್ಟಿಲು ಗಟ್ಟಿ ಸ್ಪ್ರಿಂಗು, ಮತ್ತೆ ಶಾಕ್ ಪೂರ್ತಿ ಉದ್ದಕ್ಕೆ ಚಾಚದ ಹಾಗೆ ಪಿಸ್ಟನ್ ಕೆಳಗೆ ಎರಡು ಮೂರು ಮಿ.ಮೀ. ಟ್ಯೂಬಿನ ಬಿಲ್ಲೆ. ಒಳಗಿನ ಚಕ್ರ ಚಾಚೋದು ಕಡಿಮೆಯಾದರೆ ವಾಲೋದೂ ಕಡಿಮೆಯಾಗುತ್ತೆ. ಬಿಲ್ಲೆಯನ್ನ ಎಡಬಲ ಒಂದೇ ಉದ್ದಕ್ಕೆ ಕತ್ತರಿಸಿ, ವರ್ನಿಯರ್ ಇಟ್ಟು. ಆ್ಯಂಟಿ ರೋಲ್ ಬಾರು (ಗಾಡಿ ವಾಲೋದನ್ನ ತಡೆಯೋ ಕಂಬಿ) ಸಿಕ್ಕಿದರೆ ಇಲ್ಲಿ ಹಾಕಬಹುದು. ಮಣ್ಣಿಗೆ ಹೋಗೋ ದಿನ ಬಾರೂ ಬಿಲ್ಲೆಯೂ ಹೊರಗೆ.

ಮಣ್ಣಲ್ಲಿ ಹಿಂಭಾಗ ಓಡಿಹೋಗೋ ಗಾಡಿಗೆ

ಇಲ್ಲಿ ಎಲ್ಲಾ ತಿರುಗುಮುರುಗು, ಹಿಂದೆ ಹಿಡಿತ ಹುಡುಕಬೇಕು. ಮೊದಲು ಟೈರು. ಬಟನ್ ಸವೆದು ಬೋಳಾಗಿದ್ದರೆ ಮುಂದಿನದನ್ನ ಓದೋದೇ ಬೇಡ. ಬಟನ್ ಇದ್ದರೆ ಬ್ಯಾಟರಿ ಗೂಡಿನಲ್ಲಿರೋ ಫೋಮ್ ತುಂಡನ್ನ ಮುಂದಕ್ಕೆ ಹಾಕಿ ಬ್ಯಾಟರಿಯನ್ನ ಹಿಂದಕ್ಕೆ ತಳ್ಳಿ. ಹಿಂದಿನ ಶಾಕನ್ನ ಒಳತೂತಿಗೆ ಮಲಗಿಸಿ. ಸ್ಲಿಪ್ಪರ್ ಕ್ಲಚ್ಚಿನ (ಬಲ ಜಾಸ್ತಿಯಾದಾಗ ಜಾರೋ ಕ್ಲಚ್ಚು) ನಟ್ಟನ್ನ ಸ್ವಲ್ಪ ಸಡಿಲಿಸಿ, ನಿಂತಲ್ಲಿಂದ ಪೂರ್ತಿ ಥ್ರಾಟಲ್ ಕೊಟ್ಟಾಗ ಮೊದಲ ಒಂದೆರಡು ಅಡಿ ಜುಂಯ್ ಅಂತ ಜಾರೋ ಸದ್ದು ಬರೋಷ್ಟು. ಅದಕ್ಕಿಂತ ಸಡಿಲ ಮಾಡಿದರೆ ಪ್ಯಾಡು ಸುಡುತ್ತೆ.

ಕ್ಯಾಂಬರ್, ಅಂದ್ರೆ ಚಕ್ರದ ಮೇಲ್ತುದಿಯ ವಾಲು, ಹಿಂದೆ ಮುಂದೆ ಎರಡೂ ಕಡೆ ಒಂದರಿಂದ ಎರಡು ಡಿಗ್ರಿ ಒಳವಾಲು ಸಾಕು. ಡಿಗ್ರಿ ಅಳೆಯೋಕೆ ಗೇಜ್ ಇಲ್ಲದಿದ್ದರೆ ಓಡಿಸಿ ಬಂದು ಟೈರಿನ ಮೇಲೆ ಧೂಳು ಒರಸಿರೋ ಗುರುತು ನೋಡಿ. ಒಳ ಅಂಚಿಂದ ಹೊರ ಅಂಚಿನ ತನಕ ಸಮ ಇರಬೇಕು. ಹಿಂದಿನ ಚಕ್ರದ ಟೋ ಇನ್ (ಚಕ್ರದ ಮುಂತುದಿ ಒಳಕ್ಕೆ ತಿರುಗಿರೋದು) ಬಹುತೇಕ ಗಾಡಿಗಳಲ್ಲಿ ಭಾಗದಲ್ಲೇ ಎರಕವಾಗಿ ಬಂದಿರುತ್ತೆ, ಅದನ್ನ ನೇರ ಮಾಡೋ ಪಾರ್ಟ್ಸ್ ಯಾರಾದರೂ ಕೊಟ್ಟರೆ ಬೇಡ ಅನ್ನಿ. ನೇರ ರಸ್ತೇಲಿ ಹಿಂಭಾಗ ನೆಟ್ಟಗೆ ಬರೋದು ಅದರಿಂದಲೇ. ಮುಂದಿನ ಚಕ್ರವನ್ನ ನೇರ ಇಡಿ.

ಇನ್ನು ಬ್ರೇಕು. ಟೂ ವೀಲ್ ಡ್ರೈವ್ ಗಾಡೀಲಿ ಬ್ರೇಕ್ ಹಿಡಿಯೋದು ಹಿಂದಿನ ಎರಡು ಚಕ್ರ ಮಾತ್ರ. ತಿರುವಿನ ಮಧ್ಯೆ ಬ್ರೇಕ್ ಒತ್ತಿದರೆ ಬೈಕಿನ ಹಿಂದಿನ ಬ್ರೇಕ್ ಎಳೆದಂತೆ ಹಿಂಭಾಗ ಬಂದೇ ಬರುತ್ತೆ, ಇದಕ್ಕೆ ಯಾವ ಸೆಟ್ಟಿಂಗೂ ಇಲ್ಲ. ತಿರುವಿಗೆ ಮುಂಚೆ, ಗಾಡಿ ನೇರ ಇರುವಾಗಲೇ ಬ್ರೇಕ್ ಮುಗಿಸಿ. ಮಕ್ಕಳ ಕೈಗೆ ಕೊಡೋದಾದರೆ ಎಕ್ಸ್‌ಎಲ್-5 ಸ್ಪೀಡ್ ಕಂಟ್ರೋಲಲ್ಲಿ ಟ್ರೇನಿಂಗ್ ಮೋಡ್ ಇದೆ, ಪವರ್ ಅರ್ಧಕ್ಕಿಳಿಯುತ್ತೆ.

ಗಾಳೀಲಿ

ಶಾರ್ಟ್ ಕೋರ್ಸ್ ಬಾಡಿ ಹಾರುವಾಗ ಗಾಳಿ ತುಂಬಿಕೊಂಡು ಶಾಮಿಯಾನದ ಥರ ಮೂತಿ ಮೇಲೆತ್ತುತ್ತೆ. ಬಾಡಿಯ ಹಿಂಭಾಗದ ಗೋಡೇಲಿ, ಹಿಂದಿನ ಗಾಜಿನ ಜಾಗದಲ್ಲಿ ತೂತು ಮಾಡಿ ಗಾಳಿಗೆ ದಾರಿ ಬಿಡಿ. ಬಾಗಿದ ಕತ್ತರಿ ಉಪಯೋಗಿಸಿ. ಮೂಲೆಗಳನ್ನ ಚೂಪಾಗಿ ಬಿಡದೆ ಗುಂಡಗೆ ಕತ್ತರಿಸಿ, ಇಲ್ಲದಿದ್ದರೆ ಮುಂದಿನ ಪಲ್ಟೀಲಿ ಅಲ್ಲಿಂದಲೇ ಸೀಳುತ್ತೆ. ಗಾಳೀಲಿದ್ದಾಗ ಮೂತಿ ಏಳುತ್ತಿದ್ದರೆ ಒಂದು ಚಿಟಿಕೆ ಬ್ರೇಕು, ಮೂತಿ ಕೆಳಗಾಗುತ್ತಿದ್ದರೆ ಥ್ರಾಟಲು. ಚಕ್ರದ ವೇಗ ಬದಲಾದಾಗ ಗಾಡಿ ಅದರ ವಿರುದ್ಧ ದಿಕ್ಕಿಗೆ ತಿರುಗುತ್ತೆ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮಾಡಿದ್ದನ್ನ ಬರೆದಿಡಿ. ನನ್ನ ಗಾಡಿ ದಾಬಸ್‌ಪೇಟೆ ಕಡೆಯ ಒಣ ಕೆಮ್ಮಣ್ಣಿಗೆ ಈಗ ಹೀಗಿದೆ: ಲೋ ಸಿಜಿ ಚಾಸಿ, ಮುಂದೆ 35 ವೇಟು ಹಿಂದೆ 30, ಹಿಂದಿನ ಶಾಕ್ ಒಳತೂತಲ್ಲಿ, ಮುಂದೆ ಒಂದು ಡಿಗ್ರಿ ಹಿಂದೆ ಒಂದೂವರೆ ಡಿಗ್ರಿ ಕ್ಯಾಂಬರು, ಟೂ ಎಸ್ ಬ್ಯಾಟರಿ ಪೂರ್ತಿ ಹಿಂದಕ್ಕೆ. ಮಳೆ ಬಿದ್ದು ಮಣ್ಣು ಅಂಟೋಕೆ ಶುರುವಾದರೆ ಬ್ಯಾಟರಿಯನ್ನ ನಡುವಿಗೆ ತರ್ತೀನಿ, ಇಲ್ಲದಿದ್ದರೆ ಮುಂಭಾಗ ತಿರುಗೋದೇ ಇಲ್ಲ. ತ್ರೀ ಎಸ್ ಹಾಕೋರು ಈ ಅಂಕಿಗಳನ್ನ ನಕಲು ಮಾಡಬೇಡಿ. ಆ ವೇಗಕ್ಕೆ ಟೈರು ಉಬ್ಬಿ ಗಾಡಿಯ ಎತ್ತರವೇ ಬದಲಾಗುತ್ತೆ, ಹಲಗೆ ಪರೀಕ್ಷೆ ಹೇಳಿದ ಕೋನವೂ ಅಲ್ಲಿ ನಿಲ್ಲಲ್ಲ.